ಮುಟ್ಟು ನಿಂತ ಮೇಲಿನ ದುಗುಡ: ಒಂದು ರೋಗನಾಮದ ಇತಿಹಾಸ ಮತ್ತು ಜನಪದ ನೋಟ

ಕನ್ನಡದ ಆಡುನುಡಿಯಲ್ಲಿ ‘ಮುಟ್ಟು ನಿಂತಿದೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಹೊಸ ಸೊಸೆಯ ಬಗೆಗೆ ಆಡಿದರೆ ಅದು ಬಸಿರಿನ ಸುದ್ದಿ. ನಡುವಯಸ್ಸು ದಾಟಿದವಳ ಬಗೆಗೆ ಆಡಿದರೆ ಹೆರುವ ಕಾಲದ ಮುಕ್ತಾಯ. ಮೊದಲನೆಯದಕ್ಕೆ ಸೀಮಂತ, ಕುಬಸ, ಸೋಬಾನೆಗಳ ಸಂಭ್ರಮವಿದೆ. ಎರಡನೆಯದಕ್ಕೆ ಅಂತಹ ಆಚರಣೆ ರೂಢಿಯಲ್ಲಿಲ್ಲ. ಈ ಮೌನವನ್ನೇ ಮನೋವ್ಯಥೆಯ ಕಾರಣವೆಂದು ಭಾವಿಸುವ ಮುನ್ನ, ವೈದ್ಯಶಾಸ್ತ್ರವು ಇದೇ ಘಟ್ಟಕ್ಕೊಂದು ರೋಗವನ್ನು ಹೆಸರಿಸಿ ಅನಂತರ ಕೈಬಿಟ್ಟ ಬಗೆಯನ್ನು ಪರಿಶೀಲಿಸುವುದು ಉಚಿತ.

ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್ 1896ರಲ್ಲಿ ತನ್ನ ಪಠ್ಯಗ್ರಂಥದ ಐದನೆಯ ಆವೃತ್ತಿಯಲ್ಲಿ ಇಳಿವಯಸ್ಸಿನ ವಿಷಣ್ಣತೆಯನ್ನು ಪ್ರತ್ಯೇಕ ರೋಗವಾಗಿ ಗುರುತಿಸಿದನು. ಅದು ಗಂಡಸರಿಗೂ ಅನ್ವಯಿಸುತ್ತಿತ್ತು. ಆದರೆ ಕಾಲಕ್ರಮದಲ್ಲಿ ಮುಟ್ಟು ನಿಂತ ಹೆಂಗಸಿನ ರೋಗವೆಂಬ ಭಾವನೆಯೇ ಬಲವಾಯಿತು. ಆತನ ರೋಗಿಗಳ ಮುಂದಿನ ಸ್ಥಿತಿಗತಿಯನ್ನು ಶೋಧಿಸಿದ ಡ್ರೈಫಸ್ 1907ರಲ್ಲಿಯೇ ಈ ಪ್ರತ್ಯೇಕತೆಯನ್ನು ಪ್ರಶ್ನಿಸಿದ್ದನು. ಹಲವರಲ್ಲಿ ಖಿನ್ನತೆ ಹಿಂದೆಯೂ ಬಂದು ಹೋಗಿತ್ತು. ಕ್ರೇಪೆಲಿನ್ ತನ್ನ ನಿಲುವನ್ನು ಬದಲಿಸಿಕೊಂಡರೂ ಹೆಸರು ಮಾತ್ರ ಉಳಿಯಿತು. ಮಿರ್ನಾ ವೈಸ್‌ಮನ್ 1979ರಲ್ಲಿ ಅದನ್ನು ಮಿಥ್ಯೆಯೆಂದು ಕರೆದರು. 1980ರಲ್ಲಿ ಅಮೆರಿಕದ ಅಧಿಕೃತ ರೋಗಪಟ್ಟಿಯ ಮೂರನೆಯ ಆವೃತ್ತಿಯಿಂದ ಅದು ಮರೆಯಾಯಿತು.

ಇದೇ ಅವಧಿಯಲ್ಲಿ ಮಾನವಶಾಸ್ತ್ರವೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಮಾರ್ಷಾ ಫ್ಲಿಂಟ್ ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶಗಳ 483 ರಜಪೂತ ಮಹಿಳೆಯರನ್ನು ಕುರಿತು 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಟ್ಟಿನ ವ್ಯತ್ಯಾಸವನ್ನುಳಿದು ಬೇರೆ ತೊಂದರೆಗಳು ಅಪರೂಪವೆಂದು ತಿಳಿಸಿದರು. ಮುಸುಕು ತೆಗೆದು ಗಂಡಸರೊಡನೆ ಕುಳಿತು ಮಾತನಾಡುವ ಸ್ವಾತಂತ್ರ್ಯ ಆಗ ದೊರೆಯುತ್ತಿತ್ತು. ಇದು ಮಹತ್ವದ ವಿವರಣೆಯೇ; ಆದರೆ ಅರ್ಧಸತ್ಯ. ಕರ್ನಾಟಕದ ಹಳ್ಳಿಗಳಲ್ಲಿಯೂ ಮುಟ್ಟಿನ ಮೈಲಿಗೆ ಕಳೆದವಳಿಗೆ ದೇವರ ಕೆಲಸದಲ್ಲಿ ತಡೆಯಿಲ್ಲದಂತಾಗುತ್ತದೆ. ಹಾಗೆಂದು ಈ ಹಿರಿತನ ಎಲ್ಲರ ಪಾಲಿಗೂ ಬರುವಂಥದಲ್ಲ. ಸೊಸೆ ಬಂದವಳು ಅತ್ತೆಯಾಗುತ್ತಾಳೆ. ಹೆರದವಳು ಬಂಜೆಯಾಗಿಯೇ ಉಳಿಯುತ್ತಾಳೆ, ಉಡಿ ತುಂಬುವಾಗ ವಿಧವೆ ಹಿಂದೆ ಸರಿಯಬೇಕಾಗುತ್ತದೆ. ಬಂಜೆಯ ಹಾಡುಗಳ ಅಳಲು ಗರ್ಭದ ಅಳಲು ಮಾತ್ರವಲ್ಲ, ಮನೆಯಲ್ಲಿ ಸ್ಥಾನವಿಲ್ಲದವಳ ಅಳಲು. ಮುಟ್ಟು ನಿಂತಾಗ ಅವಳಿಗೆ ಹರಕೆಯ ಆಸೆಯೂ ಮುಗಿಯುತ್ತದೆ. ‘ಸಂತಾನ ಚರಿತ್ರೆ’ಯೆಂದರೆ ಬಸಿರು-ಹೆರಿಗೆಗಳ ಲೆಕ್ಕ ಮಾತ್ರವೆಂದು ತಿಳಿದರೆ ಇದು ಕಣ್ಣಿಗೆ ಬೀಳುವುದಿಲ್ಲ.

ಆದರೂ ದೇಹದ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. 14 ಅಧ್ಯಯನಗಳ 67,714 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯು, ತಡವಾಗಿ ಮುಟ್ಟು ನಿಂತವರಲ್ಲಿ ಮುಂದಿನ ಖಿನ್ನತೆ ಕಡಿಮೆಯೆಂದು ಕಂಡುಕೊಂಡಿತು. ಗರ್ಭಚೀಲ ತೆಗೆಸುವ ಶಸ್ತ್ರಚಿಕಿತ್ಸೆಯಿಂದ ಎಳೆಯ ವಯಸ್ಸಿನಲ್ಲಿಯೇ ಮುಟ್ಟು ನಿಂತವರಿರುವ ನಮ್ಮ ನಾಡಿಗೆ ಇದು ದೂರದ ಸಂಗತಿಯಲ್ಲ. ಅಂಡಾಶಯಗಳನ್ನೂ ತೆಗೆದಿದ್ದರೆ ದೇಹದ ಬದಲಾವಣೆ ಇನ್ನೂ ಹಠಾತ್ತನೆ ಆಗುತ್ತದೆ. ನಾಲ್ಕೈದು ದಶಕಗಳ ಅತ್ತೆತನಕ್ಕೆ ಸಿದ್ಧಳಾಗುವ ಮುನ್ನವೇ ಮುಟ್ಟು ಕಳೆದುಕೊಂಡ ಇಂಥವಳಿಗೆ ಫ್ಲಿಂಟ್ ಕಂಡ ಹಿರಿತನದ ಸಮಾಧಾನವೂ ದೊರೆಯುವುದಿಲ್ಲ.

ಜನಪದ ಗೀತೆಗಳ ಸಂಗ್ರಹಗಳು ಬೀಸುವ ಪದ, ಸೋಬಾನೆ, ಬಸಿರಿಯ ಬಯಕೆ, ಜೋಗುಳ ಎಂಬ ವಿಭಾಗಗಳಲ್ಲಿ ಹೆಣ್ಣಿನ ಬಾಳನ್ನು ಜೋಡಿಸುತ್ತ ಬಂದಿವೆ. ಆ ಹಾಡುಗಳನ್ನು ಹೇಳಿಕೊಟ್ಟ ಕಲಾವಿದೆಯರಲ್ಲಿ ಎಷ್ಟೋ ಮಂದಿ ಮುಟ್ಟು ನಿಂತ ಮುದುಕಿಯರು. ಅವರ ಆ ವಯಸ್ಸಿಗೆ ಮಾತ್ರ ವಾಡಿಕೆಯ ವಿಭಾಗಗಳಲ್ಲಿ ಹೆಸರಿಲ್ಲ.