ತಾತ ಹಂಚಿದ ಕಂದುಗಳು

ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ದಿನಾ ಬೆಳಗ್ಗೆ ಒಂದು ಬುಟ್ಟಿ ಬಾಳೆಹಣ್ಣು ಇಡ್ತಾರೆ. ಉದ್ದಕ್ಕೆ, ಹಳದಿಯಾಗಿ, ಒಂದೊಂದೂ ಅಚ್ಚಿನಲ್ಲಿ ಹಾಕಿ ತೆಗೆದ ಹಾಗೆ. ಜಿಮ್ ಮುಗಿಸಿ ಬಂದವರು ಎರಡು ತಗೋತಾರೆ, ಮೀಟಿಂಗಿಗೆ ಲೇಟಾದವರು ಒಂದನ್ನು ಕೈಯಲ್ಲಿ ಹಿಡಿದು ಓಡ್ತಾರೆ. ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ, ನನ್ನ ಊರು ನಂಜನಗೂಡಿನ ಹತ್ತಿರ ಅಂತ ಗೊತ್ತಾದ ಮೇಲೆ, ಒಂದು ಹಣ್ಣು ಎತ್ತಿ ತೋರಿಸಿ "ಹಾಗಾದ್ರೆ ಇದು ನಿಮ್ಮೂರಿಂದೇ ಅಲ್ವಾ?" ಅಂದ. ಅಲ್ಲ ಕಣೋ, ಇದು ಜಿ ನೈನ್ ಅಂದೆ. ಮತ್ತೆ ಆ ನಂಜನಗೂಡು ರಸಬಾಳೆ ಎಲ್ಲಿ ಸಿಗುತ್ತೆ ಅಂತ ಕೇಳಿದ. ಉತ್ತರ ಹೇಳೋಕೆ ಹೋಗಿ ಸುಮ್ಮನಾದೆ. ಹೇಳಬೇಕು ಅಂದ್ರೆ ನಮ್ಮ ತಾತನಿಂದ ಶುರು ಮಾಡಬೇಕು. ತಾತನ ಕತೆ ಅರ್ಥ ಆಗಬೇಕು ಅಂದ್ರೆ ಏಳು ಸಾವಿರ ವರ್ಷ ಹಿಂದಕ್ಕೆ ಹೋಗಬೇಕು. ಕಾಫಿ ಬ್ರೇಕಿನಲ್ಲಿ ಮುಗಿಯೋ ಕೆಲಸ ಅಲ್ಲ.

ಬಾಳೆಹಣ್ಣಿನಲ್ಲಿ ಬೀಜ ಯಾಕಿಲ್ಲ ಅಂತ ಯಾವತ್ತಾದರೂ ಯೋಚನೆ ಮಾಡಿದ್ದೀರಾ? ನಾನಂತೂ ಮಾಡಿರಲಿಲ್ಲ, ತೋಟದಲ್ಲೇ ಬೆಳೆದವನಾದರೂ. ಕಾಡುಬಾಳೆಯಲ್ಲಿ ಬೀಜ ಇದೆ. ಕರಿಮೆಣಸಿನಂಥ ಕಪ್ಪು ಗಟ್ಟಿ ಬೀಜಗಳು, ಹಲ್ಲು ಮುರಿಯೋ ಹಾಗೆ. ಅವುಗಳ ಸುತ್ತ ತಿರುಳು ಇದ್ದೂ ಇಲ್ಲದ ಹಾಗೆ. ಆಗ್ನೇಯ ಏಷ್ಯಾ, ನ್ಯೂಗಿನಿ ಕಡೆಯ ಕಾಡುಗಳಲ್ಲಿ ಎಲ್ಲೋ ಒಂದು ಗಿಡದಲ್ಲಿ ಬೀಜ ಕಟ್ಟದೇ ಕಾಯಿ ತಾನಾಗೇ ದಪ್ಪ ಆಯಿತು. ಅದನ್ನು ಯಾರೋ ತಿಂದು ನೋಡಿದರು. ಬೀಜ ಇಲ್ಲದ ಮೇಲೆ ಬಿತ್ತೋದು ಹೇಗೆ? ಬುಡದಲ್ಲಿ ಎದ್ದಿದ್ದ ಮರಿಯನ್ನೇ ಕಿತ್ತು ತಂದು ಗುಡಿಸಲ ಪಕ್ಕ ನೆಟ್ಟರು. ಬಾಳೆ ಕೃಷಿಯ ಇತಿಹಾಸ ಇಷ್ಟೇ. ಮಿಕ್ಕಿದ್ದೆಲ್ಲ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದ್ದು. ಪಪುವಾ ನ್ಯೂಗಿನಿಯ ಬೆಟ್ಟಗಳ ನಡುವೆ ಕುಕ್ ಅನ್ನೋ ಜೌಗು ಪ್ರದೇಶ ಇದೆ. ಅಲ್ಲಿ ಸುಮಾರು ಏಳು ಸಾವಿರ ವರ್ಷಗಳ ಹಿಂದೆಯೇ ಜನ ಬಾಳೆ ಬೆಳೆಸುತ್ತಿದ್ದರು ಅಂತ ಮಣ್ಣಿನಲ್ಲಿ ಉಳಿದ ಬಾಳೆ ಎಲೆಯ ಸೂಕ್ಷ್ಮ ಕಣಗಳನ್ನು ನೋಡಿ ಪುರಾತತ್ವದವರು ಹೇಳಿದ್ದಾರೆ. 2008ರಲ್ಲಿ ಆ ಜಾಗ ಯುನೆಸ್ಕೋ ಪಟ್ಟಿಗೂ ಸೇರಿತು.

ನಾವು ತಿನ್ನೋ ಬಾಳೆಗಳಿಗೆಲ್ಲ ಹೆಚ್ಚುಕಮ್ಮಿ ಎರಡೇ ಪೂರ್ವಜರು. ಒಂದು ಮೂಸಾ ಅಕ್ಯುಮಿನೇಟಾ, ಇನ್ನೊಂದು ನಮ್ಮ ಭಾರತದ ಕಡೆಯೂ ಬೆಳೆಯುವ ಮೂಸಾ ಬಾಲ್ಬಿಸಿಯಾನಾ. ಮೊದಲನೆಯದಕ್ಕೆ ಎ, ಎರಡನೆಯದಕ್ಕೆ ಬಿ ಅಂತ ಗುರುತು ಹಾಕಿ ಎಲ್ಲ ತಳಿಗಳನ್ನೂ ವಿಂಗಡಿಸುವ ಪದ್ಧತಿಯನ್ನು 1955ರಲ್ಲಿ ಸಿಮ್ಮಂಡ್ಸ್ ಮತ್ತು ಶೆಫರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಕೊಟ್ಟರು. ಈ ಪದ್ಧತಿ ಗೊತ್ತಾದ ಮೇಲೆ ಹಣ್ಣಿನ ಗಾಡಿ ಮುಂದೆ ನಿಂತರೆ ಮಜಾ ಅನ್ಸುತ್ತೆ. ಏಲಕ್ಕಿ ಬಾಳೆ, ಅದೇ ಮಲೆನಾಡಿನವರ ಪುಟ್ಟಬಾಳೆ, ಎಬಿ. ನಮ್ಮ ರಸಬಾಳೆ ಎಎಬಿ. ಚಿಪ್ಸ್ ಮಾಡೋ ನೇಂದ್ರವೂ ಎಎಬಿ, ಆದರೆ ಗುಂಪು ಬೇರೆ. ಕಲಬುರಗಿಯ ಕಮಲಾಪುರದ ಕೆಂಪು ಬಾಳೆ ಎಎಎ. ಬೋಂಡಾ, ಪಲ್ಯಕ್ಕೆ ಬಳಸೋ ಬೂದುಬಾಳೆ ಎಬಿಬಿ. ಬಿ ಜಾಸ್ತಿ ಆದಷ್ಟೂ ಸಾಮಾನ್ಯವಾಗಿ ಹಿಟ್ಟಿನಂಶ ಜಾಸ್ತಿ, ಬರ ತಡೆಯೋ ಶಕ್ತಿಯೂ ಜಾಸ್ತಿ. ಪ್ರಪಂಚದ ಬಾಳೆ ಪುಸ್ತಕಗಳಲ್ಲಿ 'ಮೈಸೂರು' ಅನ್ನೋ ಹೆಸರಿನ ಒಂದು ಗುಂಪೇ ಇದೆ. ತಮಾಷೆ ಅಂದ್ರೆ ಅದು ತಮಿಳುನಾಡಿನವರು ಪೂವನ್ ಅಂತ ಕರೆಯೋ ಹಣ್ಣು.

ಮೂರು ಅಕ್ಷರದ ತಳಿಗಳಲ್ಲಿ ವರ್ಣತಂತುಗಳು ಮೂರು ಜೊತೆ. ಮೂರನ್ನು ಎರಡು ಸಮಪಾಲು ಮಾಡೋಕೆ ಆಗಲ್ಲ, ಹಾಗಾಗಿ ಬೀಜವೂ ಆಗಲ್ಲ. ಅಂದರೆ ಒಂದು ರಸಬಾಳೆ ಗಿಡ ಇನ್ನೊಂದರ ಮಗುವಲ್ಲ, ಅದರದ್ದೇ ತುಂಡು. ನನ್ನ ವೃತ್ತಿಯ ಭಾಷೆಯಲ್ಲಿ ಹೇಳೋದಾದರೆ ಕಾಪಿ ಪೇಸ್ಟ್. ತಿರುವಿನಲ್ಲಿ ಅಪರೂಪಕ್ಕೆ ಒಂದು ಅಕ್ಷರ ತಪ್ಪುತ್ತೆ, ಅಷ್ಟೇ.

ಈ ಗಿಡಕ್ಕೆ ಕಾಲಿಲ್ಲ, ಬೀಜ ನುಂಗಿ ದೂರದಲ್ಲಿ ಉದುರಿಸೋ ಹಕ್ಕಿಯೂ ಇಲ್ಲ. ಅದು ಹೋದಲ್ಲೆಲ್ಲ ಮನುಷ್ಯನ ಕೈಯಲ್ಲೇ ಹೋಗಿದ್ದು. ದೋಣಿಯಲ್ಲಿ ಆಫ್ರಿಕಾಕ್ಕೆ ಹೋಗಿ ಉಗಾಂಡದವರ ದಿನನಿತ್ಯದ ಊಟವಾಯಿತು. ಅರಬರು ಮೌಜ್ ಅಂದರು, ಪಶ್ಚಿಮ ಆಫ್ರಿಕಾದ ಭಾಷೆಯಿಂದ ಪೋರ್ಚುಗೀಸರು ಬನಾನಾ ಅನ್ನೋ ಹೆಸರು ಎತ್ತಿಕೊಂಡರು. 1516ರಲ್ಲಿ ತೊಮಾಸ್ ದೆ ಬೆರ್ಲಾಂಗಾ ಅನ್ನೋ ಪಾದ್ರಿ ಕಂದುಗಳನ್ನು ಕೆರಿಬಿಯನ್ ದ್ವೀಪಕ್ಕೆ ಒಯ್ದ ಅಂತ ದಾಖಲೆ ಇದೆ. ಭಾರತದ ಜ್ಞಾನಿಗಳು ತಿಂದು ಬದುಕೋ ಒಂದು ಹಣ್ಣಿದೆ ಅಂತ ರೋಮಿನ ಪ್ಲಿನಿ ಬರೆದಿದ್ದ. ಅದು ಬಾಳೆಯೇ ಅಂದುಕೊಂಡು ಲಿನೇಯಸ್ ಒಂದು ಬಾಳೆಗೆ ಮೂಸಾ ಸೇಪಿಯೆಂಟಮ್, ಅಂದರೆ ಜ್ಞಾನಿಗಳ ಬಾಳೆ ಅಂತಲೇ ಹೆಸರಿಟ್ಟ.

ಈಗ ತಾತನ ವಿಷಯ. ನಮ್ಮದು ಕಪಿಲಾ ನಾಲೆಯ ನೀರು ಬರೋ ಮುಕ್ಕಾಲು ಎಕರೆ. ನಂಜನಗೂಡು ರಸಬಾಳೆ ಅಂದರೆ ದೇವರಸನಹಳ್ಳಿಯ ಹೆಸರು ಮೊದಲು ಬರುತ್ತೆ. ನಮ್ಮೂರು ಅಷ್ಟು ಪ್ರಸಿದ್ಧ ಅಲ್ಲ, ಆದರೂ ಹಣ್ಣು ಅದೇ. ತೆಳು ಸಿಪ್ಪೆ, ಬಿಳಿ ತಿರುಳು, ಹಣ್ಣಾದರೆ ಪಕ್ಕದ ಮನೆಗೂ ಗೊತ್ತಾಗೋ ಘಮ. ಮಾಗಿದ್ದು ಚಿಪ್ಪಿನಿಂದ ತಾನೇ ಉದುರಿ ಬೀಳುತ್ತೆ. ಲಾರಿ ಹತ್ತಿ ದೂರ ಹೋಗೋಕೆ ಹುಟ್ಟಿದ ಹಣ್ಣೇ ಅಲ್ಲ ಅದು. ಗೊನೆ ಕಡಿದು ಗುಂಡಿಯಲ್ಲಿಟ್ಟು ಮೇಲೆ ಮಣ್ಣು ಮುಚ್ಚಿ ಹೊಗೆ ಹಾಕೋರು. ಹೊಗೆಯಲ್ಲಿ ಎಥಿಲಿನ್ ಇರುತ್ತೆ, ಅದು ಹಣ್ಣು ಮಾಡುತ್ತೆ ಅಂತ ನನಗೆ ಗೊತ್ತಾಗಿದ್ದು ಪಿಯುಸಿಯಲ್ಲಿ. ತಾತನಿಗೆ ಎಥಿಲಿನ್ ಗೊತ್ತಿರಲಿಲ್ಲ, ಎಷ್ಟು ಹೊತ್ತು ಹೊಗೆ ಹಾಕಬೇಕು ಅಂತ ಗೊತ್ತಿತ್ತು.

ತಾತ ಹಣ್ಣು ಮಾರ್ತಿದ್ದರು, ಕಂದು ಮಾರ್ತಿರಲಿಲ್ಲ. ಕೇಳಿದವರಿಗೆ ಕೊಡೋರು. ಅಗಲ ಎಲೆಯ ಕಂದು ಬೇಡ ಅನ್ನೋರು, ಕತ್ತಿ ಹಾಗೆ ಸಣ್ಣ ಎಲೆ ಇರೋದನ್ನೇ ಹುಡುಕಿ, ಹಾರೆಯಲ್ಲಿ ಗಡ್ಡೆ ಸಮೇತ ಎಬ್ಬಿಸಿ, ಬೇರು ಸವರಿ, ಗೋಣಿಯಲ್ಲಿ ಸುತ್ತಿ ಕೊಡೋರು. ಮಗಳನ್ನು ಕೊಟ್ಟ ಮನೆಗೆ, ಅಂದ್ರೆ ನನ್ನ ಸೋದರತ್ತೆ ಮನೆಗೆ, ಒಂದು ಸಲ ಗಾಡಿ ತುಂಬ ಕಂದು ಕಳಿಸಿದರು. ನಾನು ಆರನೇ ಕ್ಲಾಸು. ಗಾಡಿ ಹಿಂದೆ ಕಾಲು ಇಳಿಬಿಟ್ಟುಕೊಂಡು ನಾನೂ ಹೋಗಿದ್ದೆ.

ಅದೇ ವರ್ಷ ನಮ್ಮ ತೋಟದಲ್ಲಿ ಕೆಳಗಿನ ಎಲೆಗಳು ಹಳದಿಯಾದವು. ತೊಟ್ಟಿನ ಹತ್ತಿರ ಮುರಿದು ದಿಂಡಿನ ಸುತ್ತ ಲಂಗದ ಹಾಗೆ ಜೋತುಬಿದ್ದವು. ಬುಡ ಸೀಳಿತು. ಅಪ್ಪ ಒಂದನ್ನು ಕಡಿದು ನೋಡಿದರೆ ಬಿಳಿಯಾಗಿರಬೇಕಾದ ಒಳಗೆಲ್ಲ ಕೆಂಪು ಕಂದು ಗೆರೆ. ಗೊಬ್ಬರ ಜಾಸ್ತಿ ಆಯ್ತು ಅಂದರು ಕೆಲವರು, ನೀರು ಜಾಸ್ತಿ ಅಂದರು ಇನ್ನು ಕೆಲವರು. ದೃಷ್ಟಿ ಅಂದವರೂ ಇದ್ದರು. ಅಂಗಡಿಯವರು ಕೊಟ್ಟ ಔಷಧಿ ಮೂರು ಸಲ ಸುರಿದಿದ್ದಾಯ್ತು. ಎರಡು ವರ್ಷದಲ್ಲಿ ತೋಟ ಬೋಳು. ಅಷ್ಟರಲ್ಲಿ ಅತ್ತೆ ಮನೆ ತೋಟದಲ್ಲೂ ಅದೇ ಶುರುವಾಗಿತ್ತು. ಮಾವ ಮಾತು ಬಿಡಲಿಲ್ಲ, ಆದರೆ ನಮ್ಮನೆಗೆ ಬರೋದು ಕಮ್ಮಿ ಮಾಡಿದರು. ತಾತ ಕೊನೆವರೆಗೂ ಅದು ಮಣ್ಣಿನ ದೋಷ ಅಂತಲೇ ನಂಬಿದ್ದರು, ಅಥವಾ ನಂಬಿದ ಹಾಗೆ ಇದ್ದರು.

ನಾನು ಬಿಇ ಮುಗಿಸಿ ಬೆಂಗಳೂರಿಗೆ ಬಂದು ಎಷ್ಟೋ ವರ್ಷ ಆದಮೇಲೆ ಒಂದು ರಾತ್ರಿ ಸರ್ವರ್ ಅಪ್‌ಗ್ರೇಡ್ ಮುಗಿಯಲಿ ಅಂತ ಕಾಯ್ತಾ ಕೂತಿದ್ದಾಗ ಬಾಳೆಯ ಬಗ್ಗೆ ಓದತೊಡಗಿದೆ. ಅಲ್ಲಿತ್ತು, ಲಂಗದ ಹಾಗೆ ಜೋತುಬಿದ್ದ ಎಲೆಗಳ ಫೋಟೋ. ಪನಾಮಾ ಸೊರಗು ರೋಗ. ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಬೇರಿನಿಂದ ಹತ್ತಿ ನೀರಿನ ನಾಳಗಳನ್ನು ಕಟ್ಟಿಬಿಡುತ್ತೆ. ಗಿಡ ನೀರಿನ ಮಧ್ಯೆ ನಿಂತೂ ಬಾಯಾರಿ ಸಾಯುತ್ತೆ. ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತೆ, ಔಷಧಿಗೆ ಬಗ್ಗಲ್ಲ. ಗುದ್ದಲಿಗೆ ಅಂಟಿದ ಮಣ್ಣು, ನಾಲೆ ನೀರು, ಚಪ್ಪಲಿ, ಎಲ್ಲದರಲ್ಲೂ ಹರಡುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಹರಡೋದು ನೋಡೋಕೆ ಆರೋಗ್ಯವಾಗೇ ಕಾಣುವ ಕಂದಿನ ಮೂಲಕ. ಆ ಸಾಲು ಓದಿ ಲ್ಯಾಪ್‌ಟಾಪ್ ಮುಚ್ಚಿದೆ. ಅಪ್‌ಗ್ರೇಡ್ ಏನಾಯ್ತೋ ಬೆಳಗ್ಗೆ ನೋಡಿದೆ.

ನಮ್ಮೂರಿಗಿಂತ ಎಷ್ಟೋ ಮೊದಲು ಇದೇ ರೋಗ ಅರ್ಧ ಭೂಗೋಳವನ್ನೇ ನುಂಗಿತ್ತು. ಅಮೆರಿಕದವರು 1950ರವರೆಗೂ ತಿನ್ನುತ್ತಿದ್ದದ್ದು ಈಗಿನ ಹಣ್ಣಲ್ಲ, ಗ್ರೋ ಮಿಶೆಲ್ ಅನ್ನೋ ತಳಿ. ಮಧ್ಯ ಅಮೆರಿಕದಲ್ಲಿ ಕಾಡು ಕಡಿದು, ರೈಲು ಹಾಕಿ, ಸಾವಿರಾರು ಎಕರೆಯಲ್ಲಿ ಆ ಒಂದೇ ತಳಿ ಬೆಳೆದರು. ಯುನೈಟೆಡ್ ಫ್ರೂಟ್ ಕಂಪನಿಯ ಹಿಡಿತದಲ್ಲಿದ್ದ ದೇಶಗಳಿಗೆ ಬನಾನಾ ರಿಪಬ್ಲಿಕ್ ಅನ್ನೋ ಹೆಸರು ಬಂತು. 1928ರಲ್ಲಿ ಕೊಲಂಬಿಯಾದಲ್ಲಿ ಮುಷ್ಕರ ಹೂಡಿದ ಬಾಳೆತೋಟದ ಕೂಲಿಗಳ ಮೇಲೆ ಸೈನ್ಯ ಗುಂಡು ಹಾರಿಸಿತು. ತೋಟಕ್ಕೆ ರೋಗ ಬಿದ್ದರೆ ಕಂಪನಿ ಆ ಜಾಗ ಬಿಟ್ಟು ಮುಂದಿನ ಕಾಡಿಗೆ ಹೋಗೋದು. ಎಲ್ಲಿವರೆಗೆ ಹೋಗ್ತಾರೆ? 1960ರ ಹೊತ್ತಿಗೆ ಸೋತು ಬೇರೆ ತಳಿ ಹಿಡಿದರು.

ಆ ಬೇರೆ ತಳಿಯೇ ಕ್ಯಾವೆಂಡಿಶ್. ಮಾರಿಷಸ್‌ನಿಂದ ಇಂಗ್ಲೆಂಡಿಗೆ ಹೋಗಿ, 1830ರ ದಶಕದಲ್ಲಿ ಡೆವನ್‌ಶೈರ್ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್‌ನ ಗಾಜಿನ ಮನೆಯಲ್ಲಿ ತೋಟಗಾರ ಜೋಸೆಫ್ ಪ್ಯಾಕ್ಸ್ಟನ್ ಬೆಳೆಸಿದ ಗಿಡ. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಮಾದರಿಯಾದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸನ್ನು ವಿನ್ಯಾಸ ಮಾಡಿದ್ದೂ ಇದೇ ಪ್ಯಾಕ್ಸ್ಟನ್. ಕ್ಯಾವೆಂಡಿಶ್ ರುಚಿಯಲ್ಲಿ ಸಪ್ಪೆ ಅಂತ ಆಗಿನವರೇ ಮೂಗು ಮುರಿದಿದ್ದರು. ಆದರೆ ಆ ರೋಗಕ್ಕೆ ಜಗ್ಗಲಿಲ್ಲ, ಸಾಕಲ್ಲ. ಪಚ್ಚಬಾಳೆ ಅದೇ ಮನೆತನದ್ದು. ಪ್ಯಾಂಟ್ರಿಯ ಜಿ ನೈನ್ ಕೂಡ. ಜಿ ನೈನ್ ಅಂದ್ರೆ ಒಂಬತ್ತನೇ ನಂಬರ್ ತಳಿ ಅಂತ ನಾನು ಬಹಳ ದಿನ ತಿಳಿದಿದ್ದೆ. ಅದು ಗ್ರ್ಯಾಂಡ್ ನೈನ್, ಫ್ರೆಂಚಿನಲ್ಲಿ ದೊಡ್ಡ ಕುಳ್ಳ!

ಪೌಷ್ಟಿಕಾಂಶ ಕೇಳುವ ಜಿಮ್ ಹುಡುಗರಿಗೂ ಒಂದು ಮಾತು. ಒಂದು ಮಧ್ಯಮ ಗಾತ್ರದ ಜಿ ನೈನ್ ಹಣ್ಣಿನಲ್ಲಿ ಸುಮಾರು 105 ಕ್ಯಾಲೊರಿ, 400 ಮಿಲಿಗ್ರಾಂ ಮೇಲೆ ಪೊಟ್ಯಾಸಿಯಂ, 3 ಗ್ರಾಂ ನಾರು, ಒಳ್ಳೇ ಪ್ರಮಾಣದ ಬಿ6. ಪ್ರೋಟೀನ್ ಒಂದು ಗ್ರಾಂ ಚಿಲ್ಲರೆ, ಅದಕ್ಕೆ ಬಾಳೆ ನಂಬಬೇಡಿ. ಕಾಯಿಯಲ್ಲಿ ಇರೋದು ಪಿಷ್ಟ, ಮಾಗುತ್ತಾ ಸಕ್ಕರೆಯಾಗುತ್ತೆ. ಹಾಗಾಗಿ ಶುಗರ್ ಇರುವವರಿಗೆ ಚುಕ್ಕೆ ಬಿದ್ದ ಹಣ್ಣಿಗಿಂತ ಸ್ವಲ್ಪ ಕಾಯಿಗಟ್ಟಿನದು ವಾಸಿ. ಕೆಂಪು ಬಾಳೆಯಲ್ಲಿ ಕೆರೋಟಿನ್ ಸ್ವಲ್ಪ ಹೆಚ್ಚು. ಅಷ್ಟು ಬಿಟ್ಟರೆ ಚಾರ್ಟಿನಲ್ಲಿ ರಸಬಾಳೆಗೂ ಜಿ ನೈನಿಗೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ಅಜ್ಜಿ ರಸಬಾಳೆ, ಬೆಲ್ಲ, ಕಾಯಿಹಾಲು ಹಾಕಿ ಮಾಡುತ್ತಿದ್ದ ರಸಾಯನವನ್ನು ಜಿ ನೈನಿನಲ್ಲಿ ಮಾಡಿ ನೋಡಿ, ಚಾರ್ಟ್ ಏನು ಹೇಳಲ್ಲ ಅಂತ ಗೊತ್ತಾಗುತ್ತೆ.

ಜಿ ನೈನೂ ಗೆದ್ದ ಹಾಗಲ್ಲ. ಟಿಆರ್4 ಅನ್ನೋ ಹೊಸ ರೂಪದಲ್ಲಿ ಅದೇ ಶಿಲೀಂಧ್ರ ಈಗ ಕ್ಯಾವೆಂಡಿಶನ್ನೂ ಕೊಲ್ಲುತ್ತಿದೆ. 2019ರಲ್ಲಿ ಕೊಲಂಬಿಯಾ ತುರ್ತು ಪರಿಸ್ಥಿತಿ ಘೋಷಿಸಿತು. ನಮ್ಮ ಬಿಹಾರ, ಉತ್ತರ ಪ್ರದೇಶಕ್ಕೂ ಬಂದಿದೆ. ಪ್ರಪಂಚದ ಬಾಳೆಯಲ್ಲಿ ಹೆಚ್ಚುಕಮ್ಮಿ ಕಾಲುಭಾಗ ಬೆಳೆಯೋರು ನಾವೇ. ಎಲ್ಲ ಸರ್ವರಿಗೂ ಒಂದೇ ಪಾಸ್‌ವರ್ಡ್ ಇಟ್ಟರೆ ನಮ್ಮ ಆಫೀಸಿನಲ್ಲಿ ಕೆಲಸ ಹೋಗುತ್ತೆ. ತೋಟದಲ್ಲಿ ಅದಕ್ಕೆ ಸಬ್ಸಿಡಿ ಸಿಗುತ್ತೆ.

ಎರಡು ವರ್ಷದ ಹಿಂದೆ ಮದುವೆಯೊಂದರಲ್ಲಿ ಮಾವ ಸಿಕ್ಕಿದರು. ಚಪ್ಪರದ ಬಾಗಿಲಿಗೆ ಕಟ್ಟಿದ್ದ ಬಾಳೆಗಿಡದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಓದಿದ್ದನ್ನು ಹೇಳಿಬಿಟ್ಟೆ. ರೋಗ ನಮ್ಮ ಮನೆಯಿಂದಲೇ ಬಂದಿದ್ದು ಮಾವ, ತಾತನಿಗೆ ಗೊತ್ತಿರಲಿಲ್ಲ ಅಂದೆ. ಮಾವ ಸ್ವಲ್ಪ ಹೊತ್ತು ಎಲೆಯ ತುದಿ ಸೀಳ್ತಾ ಕೂತರು. "ನಂಗೆ ಆಗ್ಲೇ ಗೊತ್ತಿತ್ತು ಕಣಪ್ಪಾ. ಮೊದ್ಲು ಒಂದೇ ಗಿಡ ಹಳದಿ ಆಗಿತ್ತು. ಕಿತ್ತು ಸುಟ್ಟಾಕು ಅಂತ ಒಬ್ರು ಹೇಳಿದ್ರು. ನಿಮ್ ತಾತ ಕೈಯಾರೆ ಕೊಟ್ಟಿದ್ದಲ್ವಾ, ಕೀಳಕ್ಕೆ ಮನ್ಸು ಬರ್ಲಿಲ್ಲ" ಅಂದರು. ಆಮೇಲೆ ಊಟಕ್ಕೆ ಕರೆದರು ಅಂತ ಎದ್ದರು.

ಅಪ್ಪ ಆ ಮುಕ್ಕಾಲು ಎಕರೆಗೆ ಅಷ್ಟು ವರ್ಷವೂ ಬತ್ತ ಹಾಕಿದ್ದರು. ನೀರು ನಿಂತ ಗದ್ದೆಯಲ್ಲಿ ಈ ಶಿಲೀಂಧ್ರದ ಜೋರು ಕಮ್ಮಿಯಾಗುತ್ತೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ, ಬತ್ತ ಬೇಕಿತ್ತು ಅಷ್ಟೇ. ಆ ಮದುವೆ ಆದಮೇಲೆ ನರ್ಸರಿಯಿಂದ ಅಂಗಾಂಶ ಕೃಷಿಯ ರಸಬಾಳೆ ಸಸಿ ಹತ್ತು ತಂದು ಮೂಲೆಯಲ್ಲಿ ನೆಟ್ಟೆವು. ಗಾಜಿನ ಸೀಸೆಯಲ್ಲಿ ಬೆಳೆದ ಸಸಿ ರೋಗ ಹೊತ್ತು ತರಲ್ಲ, ಆದರೆ ಮಣ್ಣಲ್ಲಿ ಉಳಿದಿದ್ದರೆ ಅದಕ್ಕೂ ತಗಲುತ್ತೆ. ಮೂರು ಹೋದವು. ಹಳದಿ ಕಂಡ ದಿನವೇ ಅಪ್ಪ ಕಿತ್ತು ಸುಟ್ಟರು. ಏಳು ಗೊನೆ ಹಾಕಿವೆ. ಆ ಮೂಲೆಗೆ ಅಂತಲೇ ಒಂದು ಗುದ್ದಲಿ ಬೇರೆ ಇಟ್ಟಿದ್ದಾರೆ, ಚಪ್ಪಲಿ ಬದುವಿನ ಮೇಲೇ ಬಿಡಬೇಕು. ನೋಡಿದವರು ಒಂದು ಕಂದು ಕೊಡಿ ಅಂತಾರೆ. ಅಪ್ಪ ಕೊಡಲ್ಲ. ನರ್ಸರಿಯ ಫೋನ್ ನಂಬರ್ ಬರೆದುಕೊಡ್ತಾರೆ, ಮನೆಗೆ ಬಂದರೆ ಹಣ್ಣು ಕೊಡ್ತಾರೆ.

ಮೊದಲ ಗೊನೆಯಲ್ಲಿ ಎರಡು ಚಿಪ್ಪು ಮಾವನ ಊರಿನ ಬಸ್ಸಿಗೆ ಹಾಕಿ ಕಳಿಸಿದ್ದೆವು. ಸಂಜೆ ಫೋನ್ ಮಾಡಿದರು. ದಾರಿಯಲ್ಲಿ ಅರ್ಧ ಉದುರಿ ಹೋಗಿತ್ತಂತೆ, ಹೊಗೆ ಇನ್ನೊಂದು ಗಳಿಗೆ ಜಾಸ್ತಿ ಹಾಕಬೇಕಿತ್ತಂತೆ.