ಇಂಟರ್‌ಪ್ರಿಟರ್ ಕೊಟ್ಟ ಉತ್ತರ, ಎಡಿಟರ್ ಮುರಿದ ಸಾಲು

ಇಂಟರ್‌ಪ್ರಿಟರ್ ಲೆಕ್ಕ ಮುಗಿಸಿ ಪಡೆದ ಬೆಲೆಯನ್ನು ಕೊನೆಗೆ ಅಕ್ಷರಕ್ಕೆ ಇಳಿಸಲೇಬೇಕು. ಆ ಅಕ್ಷರಗಳನ್ನು ಎಲ್ಲಿ ಮುರಿದು ಮುಂದಿನ ಸಾಲಿಗೆ ತರಬೇಕು, ಮುರಿಯುವ ಕೆಲಸ ಯಾರದು ಎಂಬ ಪ್ರಶ್ನೆ ಲಿಸ್ಪ್ ಭಾಷೆಯಷ್ಟೇ ಹಳೆಯದು. ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಆರಂಭಿಸಿದ ಆ ಭಾಷೆಯಲ್ಲಿ ಉತ್ತರವೆಂದರೆ ಆವರಣದೊಳಗೆ ಆವರಣ. ಒಂದೇ ಸಾಲಿನಲ್ಲಿ ಸುರಿದರೆ ಕಣ್ಣಿಗೆ ದಿಕ್ಕು ತಪ್ಪುತ್ತದೆ. ಬಿಲ್ ಗಾಸ್ಪರ್ 1967ರಲ್ಲಿ ಬರೆದ ಗ್ರೈಂಡ್‌ಡೆಫ್ ಎಂಬ ಪ್ರೋಗ್ರಾಂ ಅದನ್ನು ಒಳಸರಿಸಿ, ಸಾಲು ಸಾಲಾಗಿ ಅಚ್ಚುಕಟ್ಟುಗೊಳಿಸಿತು. 1980ರಲ್ಲಿ ಡೆರೆಕ್ ಆಪೆನ್ ಇದಕ್ಕೊಂದು ಗಟ್ಟಿ ವಿಧಾನ ಕೊಟ್ಟರು: ಒಂದು ಸಾಲಿನ ಅಗಲಕ್ಕೆ ತಕ್ಕಷ್ಟೇ ಸ್ಮೃತಿ ಬಳಸಿಕೊಂಡು ಎಲ್ಲಿ ಮುರಿಯಬೇಕೆಂದು ನಿರ್ಧರಿಸುವುದು.

ಸಾಲಿನ ಅಗಲ ಎಷ್ಟು ಎಂಬುದನ್ನು ನಿಗದಿ ಮಾಡಿದ್ದು ಕಾಗದದ ರಟ್ಟು. ಐಬಿಎಂ 1928ರಲ್ಲಿ ತಂದ ರಂಧ್ರಪತ್ರದಲ್ಲಿ 80 ಕಂಬಸಾಲುಗಳಿದ್ದವು; 1978ರ ವಿಟಿ100 ಪರದೆಯಲ್ಲೂ 80. ಇಂದಿಗೂ ಪೈಥಾನ್‌ನ ಪಿಪ್ರಿಂಟ್ ಬೇರೆ ಏನೂ ಹೇಳದಿದ್ದರೆ 80ಕ್ಕೆ ಮುರಿಯುತ್ತದೆ. ಪೈಥಾನ್‌ನಲ್ಲೇ ಸಂಖ್ಯಾಪಟ್ಟಿಗಳಿಗೆ ಬಳಸುವ ನಂಪೈ 75ಕ್ಕೆ ಮುರಿಯುತ್ತದೆ, 1000ಕ್ಕಿಂತ ಹೆಚ್ಚು ಸಂಖ್ಯೆಗಳಿದ್ದರೆ ನಡುವಿನವನ್ನು ಚುಕ್ಕಿ ಇಟ್ಟು ಬಿಟ್ಟುಬಿಡುತ್ತದೆ.

ಉತ್ತರವನ್ನು ಮನುಷ್ಯ ನೇರವಾಗಿ ಓದುವವರೆಗೆ ಇದು ಸರಿಯೇ ಇತ್ತು. ಎಡಿಟರ್ ಪ್ಲಗಿನ್ ನಡುವೆ ಬಂದಾಗ ತೊಡಕು ಶುರುವಾಯಿತು. ಸಾಲು ಸಾಲಾಗಿ ಓದುವ ಪ್ಲಗಿನ್ ಮೊದಲ ಸಾಲನ್ನೇ ಪೂರ್ತಿ ಉತ್ತರವೆಂದು ತಿಳಿಯುತ್ತದೆ. 40 ಅಕ್ಷರದ ಕಿಟಕಿಯಲ್ಲಿ ತೋರಿಸಿದರೆ, ಮೊದಲೇ ಮುರಿದ ಸಾಲು ಮತ್ತೊಮ್ಮೆ ಮುರಿದು ಒಂದು ಉದ್ದ, ಒಂದು ಗಿಡ್ಡ ತುಂಡಾಗುತ್ತದೆ. ಹಾಗಾಗಿ ಇಂಟರ್‌ಪ್ರಿಟರ್ ಮತ್ತು ಎಡಿಟರ್ ನಡುವಿನ ಒಪ್ಪಂದಗಳೇ ಬದಲಾದವು. 2003ರಲ್ಲಿ ಈಮ್ಯಾಕ್ಸ್ ಎಡಿಟರಿಗೆ ಬಂದ ಲಿಸ್ಪ್ ಪ್ಲಗಿನ್ ಸ್ಲೈಮ್, ಪ್ರತಿ ಸಂದೇಶದ ತಲೆಯಲ್ಲಿ ಅದರ ಉದ್ದವನ್ನು ಆರು ಅಂಕಿಗಳಲ್ಲಿ ಬರೆದು ಕಳಿಸುತ್ತದೆ. ಸಂದೇಶ ಮುಗಿಯಿತೆಂದು ತಿಳಿಯಲು ಸಾಲಿನ ಕೊನೆ ಬೇಕಿಲ್ಲ. 2016ರ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಕೂಡ ಉದ್ದವನ್ನು ಮೊದಲೇ ಬೈಟ್‌ಗಳಲ್ಲಿ ಹೇಳುತ್ತದೆ. ಇತ್ತ ಕಾಮನ್ ಲಿಸ್ಪ್‌ನಲ್ಲಿ ಅಂದಗೊಳಿಸುವ ಗುಂಡಿಯನ್ನು ಆರಿಸಿದರೆ ಇಡೀ ಪಟ್ಟಿ ಸಾಲು ಮುರಿಯದೆ ಬರುತ್ತದೆ. ಮುರಿಯುವ ಹೊಣೆ ಎಡಿಟರಿಗೆ ಹೋಯಿತು. ಕಿಟಕಿಯ ಅಗಲ ಗೊತ್ತಿರುವುದು ಅದಕ್ಕೇ ಆದ್ದರಿಂದ ಇದು ನ್ಯಾಯವೂ ಹೌದು.

ಕನ್ನಡದ ಮಟ್ಟಿಗೆ ಸಾಲು ಮುರಿಯುವ ಪ್ರಶ್ನೆ ಇನ್ನೂ ತೊಡಕಿನದು. ಕೃಷ್ಣೆಯ ದಡದಲ್ಲಿ, ವೀರಭದ್ರನ ಗುಡಿಗೆ ಹೆಸರಾದ ಯಡೂರಿನ ಹೆಸರನ್ನೇ ತೆಗೆದುಕೊಳ್ಳಬಹುದು. ಓದುವವರಿಗೆ ‘ಯಡೂರು’ ಮೂರು ಅಕ್ಷರ. ಯೂನಿಕೋಡ್‌ಗೆ ಅದು ಐದು ಸಂಕೇತ: ಯ, ಡ, ದೀರ್ಘದ ಕೊಂಬು, ರ, ಕೊಂಬು. ಯುಟಿಎಫ್-8ರಲ್ಲಿ 15 ಬೈಟ್. ಪೈಥಾನ್ 2ರ ಇಂಟರ್‌ಪ್ರಿಟರ್ ಈ ಯೂನಿಕೋಡ್ ಪದವನ್ನು ಉತ್ತರವಾಗಿ ಕೊಡುವಾಗ ಕನ್ನಡವನ್ನು ತೋರಿಸುತ್ತಲೇ ಇರಲಿಲ್ಲ. ಪ್ರತಿ ಸಂಕೇತಕ್ಕೂ ಬ್ಯಾಕ್‌ಸ್ಲ್ಯಾಶ್, ಒಂದು ರೋಮನ್ ಅಕ್ಷರ, ನಾಲ್ಕು ಅಂಕಿ. ಪದದ ಮೊದಲಿಗೆ ಬರುವ u ಅಕ್ಷರವೂ ಎರಡು ಉದ್ಧರಣ ಚಿಹ್ನೆಗಳೂ ಸೇರಿ ಒಟ್ಟು 33 ಗುರುತುಗಳು. ಜಪಾನಿನ ಅತ್ಸುವೊ ಇಶಿಮೊಟೊ ಮಂಡಿಸಿದ ಪ್ರಸ್ತಾವದಿಂದ, 2008ರ ಪೈಥಾನ್ 3.0ರಲ್ಲಿ ಇದು ನಿಂತಿತು. ಜಪಾನಿ ಲಿಪಿಗಾಗಿ ಎದ್ದ ದನಿ ಕನ್ನಡಕ್ಕೂ ಬೆಳಕು ತಂದಿತು. ಆದರೂ ಒಂದು ಗಂಟು ಉಳಿದಿದೆ. ‘ಇಂಟರ್‌ಪ್ರಿಟರ್’ ಪದದಲ್ಲಿ ‘ರ್’ ಮುಂದಿನ ಅಕ್ಷರದೊಡನೆ ಬೆರೆಯದಂತೆ ತಡೆಯುವ ಕಾಣದ ಸಂಕೇತವನ್ನು ಅಚ್ಚಾಗದ ಗುರುತೆಂದು ಎಣಿಸಿ, ಪೈಥಾನ್ 3 ಇಂದಿಗೂ ಅಂಕಿಗಳಲ್ಲೇ ತೋರಿಸುತ್ತದೆ.

ಮುರಿಯುವಾಗ ಆಗುವ ಗಾಯ ಇದಕ್ಕಿಂತ ದೊಡ್ಡದು. ಪೈಥಾನ್‌ನ ಟೆಕ್ಸ್ಟ್‌ರ‍್ಯಾಪ್ ಎಣಿಸುವುದು ಸಂಕೇತಗಳನ್ನು, ಅಕ್ಷರಗಳನ್ನಲ್ಲ. ಅಗಲ ನಾಲ್ಕು ಎಂದು ಹೇಳಿ ಯಡೂರನ್ನು ಕೊಟ್ಟರೆ ಮೊದಲ ಸಾಲಿನಲ್ಲಿ ‘ಯಡೂರ’ ನಿಲ್ಲುತ್ತದೆ. ಎರಡನೆಯ ಸಾಲಿನಲ್ಲಿ ಚುಕ್ಕಿಗಳ ವೃತ್ತಕ್ಕೆ ಅಂಟಿದ ಒಂಟಿ ಕೊಂಬು. ಶಾಸನ ಕೊರೆದ ಕಲ್ಲುಕುಟಿಗರೂ ಕಲ್ಲಿನ ಅಂಚು ಬಂದಲ್ಲಿ ಪದವನ್ನು ಅರ್ಧಕ್ಕೇ ನಿಲ್ಲಿಸಿ ಮುಂದಿನ ಸಾಲಿಗೆ ಹೋಗುತ್ತಿದ್ದರು, ಪದಗಳ ನಡುವೆ ಜಾಗವನ್ನೂ ಬಿಡುತ್ತಿರಲಿಲ್ಲ. ಆದರೆ ಅವರ ಕೈಯಲ್ಲಿ ಕೊಂಬು ತನ್ನ ವ್ಯಂಜನವನ್ನು ಬಿಟ್ಟು ಹೋಗುತ್ತಿರಲಿಲ್ಲ.

ಕೊಂಬು ಹೀಗೆ ಒಂಟಿಯಾಗುವುದನ್ನು ತಪ್ಪಿಸಲೆಂದೇ ಯೂನಿಕೋಡ್ ಓದುಗರ ಅಕ್ಷರ ಯಾವುದೆಂಬ ನಿಯಮ ಮಾಡಿದೆ. ಗುಣಿತಾಕ್ಷರಗಳಿಗೆ ಅದು ಸಾಕು, ಒತ್ತಕ್ಷರಗಳಿಗೆ ಸಾಲದು. ಯಡೂರಿನ ತಾಲ್ಲೂಕು ಕೇಂದ್ರ ‘ಚಿಕ್ಕೋಡಿ’ಯಲ್ಲಿ ಮೂರು ಅಕ್ಷರ, ಎಂಟು ಸಂಕೇತ, ಈ ನಿಯಮದ ಲೆಕ್ಕದಲ್ಲಿ ನಾಲ್ಕು ತುಂಡು, ಏಕೆಂದರೆ ‘ಕ್ಕೋ’ ಎರಡಾಗುತ್ತದೆ. 2023ರ ಯೂನಿಕೋಡ್ 15.1 ಒತ್ತಕ್ಷರಗಳನ್ನು ಒಂದಾಗಿ ಹಿಡಿಯುವ ನಿಯಮ ತಂದಾಗ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳನ್ನು ಸೇರಿಸಿತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ.

ಎಡಿಟರ್ ಪ್ಲಗಿನ್ ಬರೆಯುವ ಕನ್ನಡಿಗರು ಇಂಟರ್‌ಪ್ರಿಟರಿನಿಂದ ಸಾಲು ಮುರಿಯದ ಪಠ್ಯವನ್ನೇ ಕೇಳಿ ಪಡೆಯಲಿ. ಬಿಡುಗಡೆಗೆ ಮುನ್ನ ಕಿಟಕಿಯನ್ನು ಕಿರಿದು ಮಾಡಿ ‘ಯಡೂರು’, ‘ಚಿಕ್ಕೋಡಿ’ ಎರಡನ್ನೂ ಒಮ್ಮೆ ಓದಿ ನೋಡಲಿ.