ದುಡಿಯ ಹಾಡು ಮತ್ತು ಸ್ಟುಡಿಯೋದ ಗೋಡೆ

ತಾನೇ ಹಾಡು ಕಟ್ಟಿ ತಾನೇ ಹಾಡುವವರಿಗೆ ಇಂದಿನ ಸಂಗೀತಲೋಕದಲ್ಲಿ ‘ಸಿಂಗರ್-ಸಾಂಗ್‌ರೈಟರ್’ ಎಂಬ ಹೆಸರಿದೆ. ಈ ಮಾತು ಕಿವಿಗೆ ಬಿದ್ದರೆ ಹಲವರ ಕಣ್ಣ ಮುಂದೆ ಗಿಟಾರ್ ಹಿಡಿದ ಬಾಬ್ ಡಿಲನ್ ಬರುತ್ತಾನೆ. ನನಗೆ ನೆನಪಾಗುವುದು ಕೊಡಗಿನ ದುಡಿಕೊಟ್ಟ್ ಪಾಟ್.

ಈ ಹಾಡಿಗೆ ನಾಲ್ವರು ಬೇಕು. ನಾಲ್ವರ ಕೈಯಲ್ಲೂ ನಡು ಸಣ್ಣಗಿರುವ ಪುಟ್ಟ ದುಡಿ. ಇಬ್ಬರು ಒಂದು ಸಾಲು ಹೇಳಿದರೆ ಉಳಿದಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಮದುವೆಯಲ್ಲಿ ಹಾಡಿದರೆ ಮದುಮಕ್ಕಳ ಮನೆತನ ಹಾಡಿನೊಳಗೆ ಬರಬೇಕು. ಸಾವಿನ ಮನೆಯಲ್ಲಾದರೆ ತೀರಿಕೊಂಡವರ ಬದುಕು ಬರಬೇಕು. ದೇವರು, ನಾಡು, ಹಿರಿಯರನ್ನು ನೆನೆಯುವ ಸಾಲುಗಳು ಪರಂಪರೆಯಿಂದ ಬಂದವು. ಆದರೆ ಆ ದಿನದ ಹಾಡನ್ನು ಆ ದಿನವೇ ಕಟ್ಟಬೇಕು. ಹಾಗಾಗಿ ಹಾಡುಗಾರನೇ ಅಲ್ಲಿ ಕವಿ, ಅವನೇ ತಾಳದವನು.

ಇದನ್ನು ಮೊದಲು ‘ರೆಕಾರ್ಡ್’ ಮಾಡಿದ್ದು ಯಂತ್ರವಲ್ಲ, ಲೇಖನಿ. ನಡಿಕೇರಿಯಂಡ ಚಿಣ್ಣಪ್ಪ (1875–1931) ಕೊಡವರ ಹಾಡು, ಗಾದೆ, ಆಚರಣೆಗಳನ್ನು ಕಲೆಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದರು. ಕೊಡವ ತಕ್ಕ್ ಅದರಲ್ಲಿ ಕನ್ನಡ ಲಿಪಿಯ ಆಸರೆ ಪಡೆಯಿತು. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ಮಾಡಿದ ಇಂಗ್ಲಿಷ್ ಅನುವಾದ 2003ರಲ್ಲಿ ಬಂತು. ಈ ಪುಸ್ತಕ ಇಲ್ಲದಿದ್ದರೆ ಎಷ್ಟು ಹಾಡುಗಳು ಹಾಡಿದವರೊಂದಿಗೇ ಮಣ್ಣಾಗುತ್ತಿದ್ದವೋ. ಆದರೂ ಕಾಗದಕ್ಕೆ ಇಳಿದ ಹಾಡು ಒಂದು ಪಾಠದಲ್ಲಿ ನಿಂತುಬಿಡುತ್ತದೆ. ಮುಂದಿನ ಮದುವೆಗೆ ಅದು ತಾನಾಗಿ ಬದಲಾಗುವುದಿಲ್ಲ.

ಧ್ವನಿಮುದ್ರಣ ಈ ನಿಲುಗಡೆಯನ್ನು ಇನ್ನೂ ಗಟ್ಟಿಮಾಡಿತು. ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಸಾಗುವ ಹಾಡಿಗೆ ಅಲ್ಲಿ ಎಡೆಯೆಲ್ಲಿ? ಮೂರು-ನಾಲ್ಕು ನಿಮಿಷಕ್ಕೆ ಮುಗಿಯುವುದೇ ‘ಹಾಡು’ ಎಂಬ ನಮ್ಮ ನಂಬಿಕೆಗೆ ಆ ತಟ್ಟೆಯ ಅಳತೆಯೂ ಒಂದು ಕಾರಣ.

ಕನ್ನಡದಲ್ಲಿ ಸಿನಿಮಾದ ಹೊರಗೆ ‘ಆಲ್ಬಂ’ ಎಂಬುದು ಮನೆಮನೆಗೆ ಬಂದದ್ದು ಕ್ಯಾಸೆಟ್ ಕಾಲದಲ್ಲಿ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಅದನ್ನು ಕರೆಯುತ್ತಾರೆ. ಅಲ್ಲಿ ಕವಿ ಬೇರೆ, ರಾಗ ಹಾಕುವವರು ಬೇರೆ, ವಾದ್ಯ ನುಡಿಸುವವರು ಬೇರೆ. ದುಡಿ ಹಿಡಿದ ಒಬ್ಬನೇ ಮಾಡುತ್ತಿದ್ದ ಕೆಲಸ ಹಲವರಲ್ಲಿ ಹಂಚಿಹೋಯಿತು.

ಸ್ಟುಡಿಯೋ ಈ ಹಂಚಿಕೆಗೆ ಗೋಡೆಗಳನ್ನೂ ಕಟ್ಟಿತು. ಬಹು ಟ್ರ್ಯಾಕ್ ಪದ್ಧತಿಯಲ್ಲಿ ಗಾಯಕ ಮೊದಲು ಒಂದು ಗೈಡ್ ಟ್ರ್ಯಾಕ್ ಹಾಡಿಡಬಹುದು. ತಬಲಾದವರು ಒಂದು ದಿನ ಬಂದು ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್ಕಿಗೆ ನುಡಿಸಿ ಹೋಗುತ್ತಾರೆ. ಕೊಳಲಿನವರು ಇನ್ನೊಂದು ದಿನ ಬರುತ್ತಾರೆ. ಒಬ್ಬರ ಮುಖ ಒಬ್ಬರು ನೋಡದೆಯೇ ಹಾಡು ಸಿದ್ಧವಾಗುತ್ತದೆ. ತಪ್ಪಿದ ಒಂದು ಸ್ವರವನ್ನಷ್ಟೇ ಮತ್ತೆ ನುಡಿಸಬಹುದೆಂಬ ಅನುಕೂಲ ದೊಡ್ಡದು. ಆದರೆ ಎದುರಿನ ಜೋಡಿಯ ಉಸಿರು ನೋಡಿ ದುಡಿಯ ವೇಗ ಏರುವ, ಇಳಿಯುವ ಆಟಕ್ಕೆ ಅಲ್ಲಿ ಜಾಗವಿಲ್ಲ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂದಾಗ ನಮ್ಮಲ್ಲಿ ‘ಸಿಂಗರ್-ಸಾಂಗ್‌ರೈಟರ್’ ಪದಕ್ಕೆ ಒಂದು ಮುಖ ಸಿಕ್ಕಿತು. ಅವರು ತಂಡಕ್ಕೆ ‘ಪ್ರಾಜೆಕ್ಟ್’ ಎಂದು ಹೆಸರಿಟ್ಟರು: ಬೇರೆ ಬೇರೆ ಕಲಾವಿದರು ಬಂದು ಸೇರಬಹುದಾದ ತೆರೆದ ಕೂಟ ಎಂಬ ಅರ್ಥದಲ್ಲಿ. ಸ್ವಂತ ಹಾಡುಗಳ ಜೊತೆ ಶಿಶುನಾಳ ಶರೀಫರ ಪದಗಳೂ ಅದರಲ್ಲಿದ್ದವು. ಹತ್ತೊಂಬತ್ತನೆಯ ಶತಮಾನದ ತತ್ವಪದ ಗಿಟಾರ್, ಡ್ರಮ್ಸ್ ಜೊತೆ ನಡೆದರೂ ಎಡವಲಿಲ್ಲ. ಹಳೆಯ ಪದವನ್ನು ಮತ್ತೆ ಬದಲಾಗಲು ಬಿಡುವುದಕ್ಕೂ ಸ್ಟುಡಿಯೋ ಒದಗಬಲ್ಲದು ಎಂಬುದಕ್ಕೆ ನನಗೆ ಇದೇ ಸಾಕ್ಷಿ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಆಲ್ಬಂ ಗಾಯಕರ ಹೆಸರಿನಲ್ಲಿ ಉಳಿಯುತ್ತದೆ; ನುಡಿಸಿದವರು ಎಲ್ಲಿ ಉಳಿಯುತ್ತಾರೆ? ಕೊಡಗಿಗೆ ಈ ಪ್ರಶ್ನೆ ಹಳೆಯದು. ಕೊಡವ ವಾಲಗವೆಂದು ಇಂದು ಎಲ್ಲರೂ ಕುಣಿಯುವ ಸಂಗೀತವನ್ನು ತಲೆಮಾರುಗಳಿಂದ ನುಡಿಸಿಕೊಂಡು ಬಂದವರಲ್ಲಿ ಮೇದರಂಥ ಸಮುದಾಯದವರಿದ್ದಾರೆ. ಬಿದಿರು ಹೆಣೆಯುವ ಕೈಯೇ ಪರೆಕೊಟ್ಟನ್ನೂ ಬಾರಿಸಿದೆ. ಕುಣಿಯುವವರ ಹೆಸರು ಸಂಗೀತಕ್ಕೆ ಅಂಟಿತು, ಬಾರಿಸಿದವರ ಹೆಸರು ಅಂಟಲಿಲ್ಲ. ಈಗ ಅದೇ ವಾಲಗ ಮೊಬೈಲಿನಲ್ಲಿ, ಕೀಬೋರ್ಡಿನಲ್ಲಿ ಸಿಗುವಾಗ ಬಾರಿಸುವ ಕೈಯನ್ನು ಕರೆಯುವ ಅಗತ್ಯವೇ ಕಡಿಮೆಯಾಗುತ್ತಿದೆ.

2011ರ ಜನಗಣತಿಯಲ್ಲಿ ಕೊಡವ ತಕ್ಕನ್ನು ತಾಯ್ನುಡಿ ಎಂದವರು 1,13,857 ಮಂದಿ. ಇಷ್ಟು ಸಣ್ಣ ಭಾಷೆಗೆ ಪ್ರತಿಯೊಂದು ಮುದ್ರಣವೂ ಆಸ್ತಿ. ಮುದ್ರಣ ಬೇಡ ಎಂದು ನಾನು ಹೇಳಲಾರೆ. ಚಿಣ್ಣಪ್ಪನವರ ಪುಸ್ತಕ ಓದಿದವರು ಯಾರೂ ಹಾಗೆ ಹೇಳಲಾರರು. ಆದರೆ ಹಾಡು ಉಳಿಯುವುದು ಬೇರೆ, ಹಾಡು ಕಟ್ಟುವ ಬಲ ಉಳಿಯುವುದು ಬೇರೆ. ದುಡಿಕೊಟ್ಟ್ ಪಾಟನ್ನು ಧ್ವನಿಮುದ್ರಿಸುವವರು ನಾಲ್ವರನ್ನೂ ಒಂದೇ ಕೋಣೆಯಲ್ಲಿ ಎದುರುಬದುರು ಕೂರಿಸಲಿ, ಕ್ಲಿಕ್ ತೆಗೆದಿಡಲಿ, ಹಾಡಿದವರ ಮತ್ತು ಬಾರಿಸಿದವರ ಹೆಸರನ್ನೆಲ್ಲ ಬರೆಯಲಿ. ಮುಂದಿನ ಮದುವೆಗೆ ಆ ಧ್ವನಿಮುದ್ರಿಕೆಯನ್ನು ಹಾಕುವ ಬದಲು, ಅದನ್ನು ಕೇಳಿ ಕಲಿತ ನಾಲ್ವರು ಹೊಸ ಮದುಮಕ್ಕಳ ಮನೆತನವನ್ನು ಸೇರಿಸಿ ಹೊಸ ಸಾಲು ಕಟ್ಟಿದರೆ, ಆ ಆಲ್ಬಂ ಮಾಡಿದ್ದು ಸಾರ್ಥಕ.